ದೇವರಿಗೊಂದು ಹಳೆ ಕಪಾಟು

೨೦೦೯ರ ಚಳಿಗಾಲ. ಅಮೆರಿಕದ ಕ್ಯಾಂಟನ್ ಊರಿನ ಹಳೆ ಸಾಮಾನಿನ ಅಂಗಡಿಯಲ್ಲಿ ಕುರ್ಚಿ ನೋಡುತ್ತಿದ್ದ ಇಂಚರಳ ಕಿವಿಗೆ ಕನ್ನಡ ಬಿತ್ತು. ಓಕ್ ಕಪಾಟೊಂದರ ಮುಂದೆ ಗಂಡ ಹೆಂಡತಿ ನಿಂತಿದ್ದರು.

“ಇದು ಬಾರ್ ಕ್ಯಾಬಿನೆಟ್ ಕಣೇ. ಐವತ್ತು ವರ್ಷ ವಿಸ್ಕಿ ಇಟ್ಟಿರ್ತಾರೆ.”

“ಅರಿಶಿನದ ನೀರಲ್ಲಿ ಒರೆಸ್ತೀನಿ. ಬಾಗಿಲು ತೆಗೆದ್ರೆ ಒಳಗೆ ದೀಪ ಹತ್ತತ್ತೆ. ದೇವರಿಗೆ ಇದೇ ಸರಿ.”

“ಅಮ್ಮ ಏನಂತಾರೆ?”

“ದೇವರು ರಟ್ಟಿನ ಡಬ್ಬದಲ್ಲಿರೋದು ನೋಡಿದ್ರೆ ಅತ್ತೆ ಏನಂತಾರೆ? ನಿಮ್ಮ ಕೆಲಸ ಹೋದ ದಿನ ಪ್ಯಾಕ್ ಮಾಡಿದ್ರಿ. ಎಂಟು ತಿಂಗಳಾಯ್ತು.”

ಅವನು ಕೈಯಲ್ಲಿದ್ದ ಕಾರಿನ ಕೀ ತಿರುಗಿಸಿದ. ಇಂಚರ ಕುರ್ಚಿ ಬಿಟ್ಟು ಅತ್ತಲೇ ಕಿವಿಗೊಟ್ಟಳು.

“ಊರಿಗೆ ವಾಪಸ್ ಹೋಗ್ಬೇಕಾಗಿ ಬಂದ್ರೆ?”

“ಹೋಗಲ್ಲ ರೀ. ನನ್ನ ಸಂಬಳ ಇದೆ, ನಿಮಗೂ ಕೆಲಸ ಸಿಗತ್ತೆ. ಆ ಕಡೆ ಹಿಡ್ಕೊಳ್ಳಿ.”

“ಸೊಂಟ ಹಿಡ್ಕೊಂಡ್ರೆ?”

“ಡ್ರಾಯರಲ್ಲಿ ಮುಲಾಮೂ ಇಡೋಣ.”

ಅವನು ನಕ್ಕು, ಕಾರಿನ ಕೀ ಜೇಬಿಗಿಳಿಸಿ, ಕಪಾಟಿನ ಇನ್ನೊಂದು ತುದಿ ಎತ್ತಿದ. ಇಬ್ಬರೂ ಕೌಂಟರಿನತ್ತ ನಡೆದರು.