ದೇವಿ ಅಕ್ಕೋರು ಪಡುವಣಕ್ಕೆ ಬಿಟ್ಟ ಬಾಗಿಲು

ಈ ಮಳೆಯಲ್ಲೂ ಬಂದು ಕುಳಿತಿರುವ ಕುಮಟೆಯ ಹಿರಿಯರಿಗೆ, ಶಾಲೆಯ ಕಮಿಟಿಯವರಿಗೆ, ಭಟ್ಕಳದಿಂದ ಶರಾವತಿ ದಾಟಿ, ಹೊನ್ನಾವರದಿಂದ ಮೋಟಾರು ಹಿಡಿದು ಬಂದಿರುವ ಬೇರೆ ಶಾಲೆಗಳ ಅಕ್ಕೋರುಗಳಿಗೆ, ಗೋಡೆಗೆ ಒತ್ತಿ ನಿಂತಿರುವ ನಮ್ಮ ಹುಡುಗಿಯರಿಗೆ — ಎಲ್ಲರಿಗೂ ನಮಸ್ಕಾರ. ಮುಂದಿನ ಬೆಂಚಿನ ತುದಿಯಲ್ಲಿ ಕುಳಿತಿರುವ ಸಣ್ಣಮ್ಮ — ನಿಮಗೆ ಬೇರೆಯಾಗಿ ಕೈ ಮುಗಿಯುತ್ತೇನೆ. ಹದಿನಾಲ್ಕನೆಯ ದಿನವೂ ಕಳೆಯದೆ ಸಭೆಗೆ ಬರುವುದು ನಿಮಗೆ ಸುಲಭವಿರಲಿಲ್ಲ. ಬಂದಿರಿ. ನಿಮ್ಮ ಸೊಸೆ ದೇವಿಯ ಬಗ್ಗೆ ನಾಲ್ಕು ಮಾತು ಕೇಳಲು ಬಂದಿರಿ.

ನಾನು ಈ ಶಾಲೆಯ ಮುಖ್ಯಾಧ್ಯಾಪಕಿ; ಇಲ್ಲಿ ಎಲ್ಲರೂ ನನ್ನನ್ನು 'ಬಾಯಿ' ಎಂದೇ ಕರೆಯುವುದು. ದೇವಿ ಅಕ್ಕೋರು ನಮ್ಮಲ್ಲಿ ಹೊಲಿಗೆ, ಚಿತ್ತಾರ, ಅಡುಗೆ ಕಲಿಸುತ್ತಿದ್ದರು. ವೇಳಾಪತ್ರಿಕೆಯಲ್ಲಿ ಅದಕ್ಕೆ ಕೈಗೆಲಸ ಎಂದು ಹೆಸರು. ಮಧ್ಯಾಹ್ನ ಊಟದ ಮೇಲೆ, ಹುಡುಗಿಯರು ತೂಕಡಿಸುವ ಹೊತ್ತಿಗೆ ಆ ತಾಸು. ಆದರೆ ಆ ತಾಸಿನಲ್ಲಿ ಯಾರೂ ತೂಕಡಿಸಿದ್ದನ್ನು ನಾನು ಕಂಡಿಲ್ಲ.

ಅವರು ಬಂದ ಮೊದಲ ವಾರವೇ ತರಗತಿ ಖಾಲಿಯಾಗಿತ್ತು. ಎಲ್ಲಿ ಎಂದು ಹುಡುಕಿದರೆ — ಸಮುದ್ರದ ದಂಡೆಯಲ್ಲಿ. ಹುಡುಗಿಯರೆಲ್ಲ ಮೊಣಕಾಲೂರಿ ಮರಳು ನೋಡುತ್ತಿದ್ದಾರೆ. ಇಳಿತದ ಹೊತ್ತಿಗೆ ಸಣ್ಣ ಏಡಿಗಳು ಮರಳನ್ನು ಗುಂಡು ಗುಂಡು ಮಾಡಿ ಬಿಲದ ಸುತ್ತ ಇಟ್ಟಿರುತ್ತವಲ್ಲ, ಅದನ್ನು. ನಾನು ಸ್ವಲ್ಪ ಸಿಟ್ಟಿನಲ್ಲೇ ಕೇಳಿದೆ, "ಇದು ಯಾವ ಪಾಠ?" ಅವರು ತಲೆ ಎತ್ತದೆ ಹೇಳಿದರು: "ಬಾಯಿ, ತುಳೀಬೇಡಿ. ಮಾಸ್ತರ ಬರೀತಾ ಇದ್ದಾನೆ."

ಆ ಏಡಿಯ ಚುಕ್ಕೆಗಳೇ ಆ ವರ್ಷ ನಮ್ಮ ಹುಡುಗಿಯರ ಕರವಸ್ತ್ರದ ಮೇಲೆ ಬಂದವು. ಯಾಣಕ್ಕೆ ಕರೆದುಕೊಂಡು ಹೋದಾಗ ನಾವೆಲ್ಲ ಕರಿಬಂಡೆಗೆ ಕೈ ಮುಗಿದೆವು. ಅವರೂ ಮುಗಿದರು — ಮುಗಿದು, ಬಂಡೆಯ ಸೀಳುಗಳನ್ನು ಬೆರಳಿನಿಂದ ಗಾಳಿಯಲ್ಲಿ ಹೀಗೆ ಎಳೆದುಕೊಂಡರು. ಆ ಗೆರೆಗಳು ಮಳೆಗಾಲದ ಹೊತ್ತಿಗೆ ಕೌದಿಯ ಹೊಲಿಗೆಯಾದವು. ನಾನು ಎಂ.ಎ. ಓದಿದವಳು, ಋತುಗಳ ಮೇಲೆ ಎಷ್ಟೋ ಪದ್ಯ ಓದಿದ್ದೇನೆ. ಸಂಜೆ ಅವರಿಗೂ ಓದಿ ಹೇಳುತ್ತಿದ್ದೆ. ಕೇಳಿ, "ಚೆಂದ ಇದೆ, ಬಾಯಿ. ಇದನ್ನ ಯಾವ ದಾರದಲ್ಲಿ ಹೊಲೀಲಿ?" ಎನ್ನುತ್ತಿದ್ದರು. ತಮಾಷೆಯಲ್ಲ. ನಿಜವಾಗಿಯೂ ದಾರದ ಬಣ್ಣ ಯೋಚಿಸುತ್ತಿದ್ದರು.

ಮತ್ತೆ ತವಸಳಿ. ಇಲ್ಲಿ ಕುಳಿತವರಲ್ಲಿ ಅರ್ಧ ಜನ ಅವರ ಕೈಯ ತವಸಳಿ ತಿಂದವರು. ಸೌತೆಕಾಯಿ ತುರಿದು, ರವೆ, ಬೆಲ್ಲ, ಕಾಯಿ ಕಲಸಿ, ಪಾತ್ರೆಯ ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ. ಕೆಂಡ ಕೂರಿಸುವ ಹದವನ್ನು ಅವರಿಗೆ ಕಲಿಸಿದ್ದು ಭಟ್ಕಳದ ಪಕ್ಕದ ಜಾಲಿಯಲ್ಲಿ, ತವರಿನ ನೆರೆಮನೆಯ ನವಾಯತ ಮುಸ್ಲಿಂ ಅಜ್ಜಿ. ಯುದ್ಧದ ರೇಶನ್ನಿನಲ್ಲಿ ರವೆ ಸಿಗದಿದ್ದಾಗ ಅಕ್ಕಿ ಕುಟ್ಟಿ ತರಿ ಮಾಡಿಕೊಂಡರು. ಬೇಯಿಸುವುದು ಮಾತ್ರ ಬಿಡಲಿಲ್ಲ. ಮುಚ್ಚಳ ತೆಗೆದಾಗ ಮೇಲಿನ ಕಂದು ಪದರ ಬಿರುಕು ಬಿಟ್ಟಿರುತ್ತದೆ. ಹುಡುಗಿಯರು ತುಂಡು ಎಣಿಸಿದರೆ ಅವರು ಬಿರುಕು ನೋಡುವರು. ಮರುದಿನ ಬೆಳಿಗ್ಗೆ ಅದೇ ಬಿರುಕು ಅವರ ಮನೆಯ ಮೆಟ್ಟಿಲ ಮೇಲೆ ಶೇಡಿಯಲ್ಲಿ — ಬಿಳಿಮಣ್ಣಿನಲ್ಲಿ — ಬಳ್ಳಿಯಾಗಿ ಹಬ್ಬಿರುತ್ತಿತ್ತು.

ಆ ಮೆಟ್ಟಿಲಿನ ವಿಷಯಕ್ಕೇ ಬರುತ್ತೇನೆ. ಅದನ್ನು ಹೇಳದೆ ದೇವಿ ಅಕ್ಕೋರನ್ನು ಕಳಿಸಿಕೊಡುವುದು ನನ್ನಿಂದಾಗದು.

ಅವರ ಗಂಡ ಪಾಂಡು ತಾಂಡೇಲರು ಮಚ್ವೆ — ಸರಕಿನ ಹಾಯಿದೋಣಿ — ನಡೆಸುತ್ತಿದ್ದವರು. ಹೆಂಚು, ತೆಂಗಿನಕಾಯಿ ಹೇರಿಕೊಂಡು ಹಾಯಿ ಬಿಚ್ಚಿ ಮುಂಬಯಿಗೆ ಹೋಗಿಬರುವವರು. ಅವರ ಮನೆಯಲ್ಲಿ ಒಂದು ಪದ್ಧತಿ. ಗಂಡಸರು ಕಡಲಿನಲ್ಲಿರುವಾಗ ಮೆಟ್ಟಿಲಿನ ಚಿತ್ತಾರದ ಸುತ್ತುಗೆರೆಯನ್ನು ಪೂರ್ತಿ ಕೂಡಿಸುವುದಿಲ್ಲ. ಪಡುವಣ ದಿಕ್ಕಿಗೆ, ಸಮುದ್ರದ ಕಡೆಗೆ, ನಾಲ್ಕು ಬೆರಳಷ್ಟು ಬಾಗಿಲು ಬಿಡಬೇಕು. ಹೋದವನು ಬಂದು, ಶೇಡಿಯಲ್ಲಿ ಬೆರಳದ್ದಿ, ತಾನೇ ಆ ಗೆರೆ ಕೂಡಿಸಿ ಒಳಗೆ ಬರಬೇಕು. ಸಣ್ಣಮ್ಮ ತಮ್ಮ ಗಂಡನಿಗೆ ಹಾಗೆ ಬಿಟ್ಟವರು. ಸೊಸೆಗೆ ಕಲಿಸಿದವರೂ ಅವರೇ.

ಪಾಂಡು ಅವರು ಎಳೆಯುವ ಗೆರೆ ದಪ್ಪ, ಸೊಟ್ಟ. ದೇವಿ ಅಕ್ಕೋರು ನಗುತ್ತಿದ್ದರು: "ಬಾಯಿ, ನಾ ಬೆಳಗಿಂದ ಕೂತು ಮಲ್ಲಿಗೆ ಬಳ್ಳಿ ಬರದದ್ದು. ನಮ್ಮವ್ರು ಬಂದು ಅದಕ್ಕೊಂದು ಹಗ್ಗ ಕಟ್ಟಿ ಹೋದ್ರು."

ಎರಡು ವರ್ಷದ ಹಿಂದೆ, ಹೋಳಿ ಮುಗಿದ ಮೇಲೆ ಹೊನ್ನಾವರದ ಬಂದರಿನಿಂದ ಹೊರಟ ಮಚ್ವೆ ಹಿಂದಿರುಗಲಿಲ್ಲ. ನಿಮಗೆಲ್ಲ ಗೊತ್ತಿದ್ದ ಸಂಗತಿ. ಹಲಗೆ ಸಿಗಲಿಲ್ಲ, ಹಾಯಿ ಸಿಗಲಿಲ್ಲ, ಮನುಷ್ಯರೂ ಸಿಗಲಿಲ್ಲ.

ದೇವಿ ಅಕ್ಕೋರು ಕುಂಕುಮ ಅಳಿಸಲಿಲ್ಲ. ಬೆಳಗಾದರೆ ಮೆಟ್ಟಿಲು ತೊಳೆದು ಚಿತ್ತಾರ ಬರೆದರು. ಒಂದು ದಿನ ಏಡಿಯ ಚುಕ್ಕೆ, ಒಂದು ದಿನ ಗೇರುಹೂವಿನ ಗೊಂಚಲು, ಒಂದು ದಿನ ಒಣಗಲು ಹಾಕಿದ ಬಲೆ. ಪಡುವಣಕ್ಕೆ ಬಾಗಿಲು ಬಿಟ್ಟೇ. ಮಾತಾಡುವವರು ಮಾತಾಡಿದರು — ಇಲ್ಲೇ ಇದ್ದೀರಿ, ಬೇಜಾರು ಮಾಡಿಕೊಳ್ಳಬೇಡಿ. ಬಾವಿಕಟ್ಟೆಯಲ್ಲಿ ಒಬ್ಬಾಕೆ ಕೇಳಿದ್ದು ನನ್ನ ಕಿವಿಗೇ ಬಿದ್ದಿದೆ: "ಎಂತ ಅಕ್ಕೋರೇ, ಇನ್ನೂ ಬಾಗಿಲು ತೆಗದೇ ಇಟ್ಟಿದ್ರ? ನಾಯಿ ಹೊಕ್ಕೀತು." ದೇವಿ ಅಕ್ಕೋರು ಕೊಡ ಎತ್ತಿಕೊಂಡು ಹೇಳಿದರು: "ಹೊಗ್ಲಿ ಬಿಡಿ. ಅದಕ್ಕೂ ಒಂದು ತುಂಡು ತವಸಳಿ ಇದೆ."

ಹಿರಿಯರು ಸಣ್ಣಮ್ಮನ ಹತ್ತಿರ ಹೋದರು. ದರ್ಭೆಯ ಬೊಂಬೆ ಮಾಡಿ ಮಗನ ಕರ್ಮ ಮುಗಿಸಿಬಿಡಿ ಎಂದರು. ಸಣ್ಣಮ್ಮ ಎದ್ದು ಒಳಗೆ ಹೋದರು.

ಈ ಶ್ರಾವಣದಲ್ಲಿ, ಜ್ವರ ಬರುವ ಹಿಂದಿನ ದಿನ, ದೇವಿ ಅಕ್ಕೋರು ಶಾಲೆಯಲ್ಲಿ ತವಸಳಿ ಬೇಯಿಸಿದರು. ಮುಚ್ಚಳ ತೆಗೆದರು. ನಾನೂ ಅಲ್ಲೇ ಇದ್ದೆ. ಮೇಲಿನ ಪದರ ನುಣ್ಣಗಿತ್ತು. ಒಂದು ಬಿರುಕಿಲ್ಲ. ನೀರಿನ ಹಾಗಿತ್ತು. ಅವರು ಬಹಳ ಹೊತ್ತು ನೋಡುತ್ತ ಕುಳಿತರು. ಕಡೆಗೆ ಹೇಳಿದರು: "ಬೆಂಕಿ ಇವತ್ತು ಎಂತದೂ ಹೇಳ್ಲಿಲ್ಲ, ಬಾಯಿ. ನಾಳೆ ಎಂತ ಬರೀಲಿ?"

ಮರುದಿನ ಜ್ವರದಲ್ಲಿ ಅವರು ಏಳಲಿಲ್ಲ.

ಮಲಗಿದಲ್ಲಿಂದಲೇ ಅತ್ತೆಗೆ ಒಂದು ಮಾತು ಹೇಳುತ್ತಿದ್ದರು — ಮೆಟ್ಟಿಲು ಬರಿದು ಬಿಡಬೇಡಿ. ಸಣ್ಣಮ್ಮನ ಕಣ್ಣು ಮಂಜು, ಕೈ ನಡುಗುತ್ತದೆ. ಆದರೂ ದಿನವೂ ಒಂದು ಸುತ್ತುಗೆರೆ ಎಳೆದರು. ಬಾಗಿಲು ಬಿಟ್ಟು.

ದೇವಿ ಅಕ್ಕೋರು ತೀರಿಹೋದ ದಿನ ಬೆಳಿಗ್ಗೆ, ಸುದ್ದಿ ತಿಳಿದು ನಾನು ಓಡಿಹೋದಾಗ ಅಂಗಳದಲ್ಲಿ ಜನ ಸೇರಿದ್ದರು. ಆದರೆ ಯಾರೂ ಏನೂ ಮಾಡುತ್ತಿರಲಿಲ್ಲ. ಹೆಂಗಸರ ಕೈಯಲ್ಲಿ ಕುಂಕುಮದ ಬಟ್ಟಲಿಲ್ಲ, ಹಸಿರು ಬಳೆಯಿಲ್ಲ. ಬಿಳಿ ಬಟ್ಟೆಯೂ ಇಲ್ಲ. ಮುತ್ತೈದೆ ಎಂದು ಸಿಂಗರಿಸಿ ಕಳಿಸುವುದೋ, ಗಂಡ ಸತ್ತವಳೆಂದು ಕಳಿಸುವುದೋ? ಕೇರಿಯ ಹಿರಿಯ ಲಿಂಗಪ್ಪನವರು ಮೆಟ್ಟಿಲ ಕೆಳಗೆ ನಿಂತು ಹೇಳಿದರು: "ಸಣ್ಣಮ್ಮಾ, ನಾವು ಹೇಳೂಕೆ ಬರೂದಿಲ್ಲ. ನಿನ್ನ ಮಗ ಇದ್ದಾನ, ಇಲ್ಲ? ನೀನೇ ಹೇಳ್ಬೇಕು."

ಯೋಚಿಸಿ ನೋಡಿ. ಸೊಸೆಯ ಹಣೆಯ ಕುಂಕುಮ ಅಳಿಸಿ ಎಂದರೆ ತನ್ನ ಬಾಯಿಂದಲೇ ಮಗನನ್ನು ಕೊಂದ ಹಾಗೆ. ಇರಲಿ ಎಂದರೆ — ನಾಳೆಯೂ, ನಾಡಿದ್ದೂ, ಕಣ್ಣು ಕಾಣದ ಈ ತಾಯಿ ಒಬ್ಬಳೇ ಕುಳಿತು ಬಾಗಿಲು ಬಿಟ್ಟ ಗೆರೆ ಎಳೆಯುತ್ತಲೇ ಇರಬೇಕು. ಸಣ್ಣಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ತುಂತುರು ಮಳೆ ಬಿತ್ತು. ಚಿರೇಕಲ್ಲಿನ ಮೆಟ್ಟಿಲು ಒದ್ದೆಯಾಗಿ ಕಪ್ಪಾಯಿತು.

ಆಗ ಲಿಂಗಪ್ಪನವರು ಹಿಂದಕ್ಕೆ ಸರಿದರು. ಅವರು ಇಲ್ಲೇ ಇದ್ದಾರೆ, ಬೇಕಾದರೆ ಕೇಳಿ. ಮೆಟ್ಟಿಲ ಮೇಲೆ ಸಣ್ಣಮ್ಮ ಎಳೆದ ಸುತ್ತು, ನಡುಗಿದ ತೆಳು ಗೆರೆ — ಪಡುವಣ ದಿಕ್ಕಿನಲ್ಲಿ ಕೂಡಿತ್ತು. ಕೂಡಿಸಿದ ಗೆರೆ ದಪ್ಪ. ಸೊಟ್ಟ. ಹಗ್ಗದ ಹಾಗೆ.

"ಎಂತ ಆತು?" ಎಂದು ಸಣ್ಣಮ್ಮ ಕೇಳಿದರು. ಅವರೇ ಕುಕ್ಕರಿಸಿ ಕುಳಿತು, ಬೆರಳಿನಿಂದ ಸುತ್ತನ್ನು ಸವರುತ್ತ ಬಂದರು. ಬಾಗಿಲಿರಬೇಕಾದ ಜಾಗಕ್ಕೆ ಬಂದು ಬೆರಳು ನಿಂತಿತು. ಆ ಬೆರಳನ್ನು ನಾಲಿಗೆಗೆ ಇಟ್ಟುಕೊಂಡರು.

"ಉಪ್ಪು" ಎಂದರು.

ಮತ್ತೆ ಎದ್ದು, ಬಹಳ ಮೆಲ್ಲಗೆ ಹೇಳಿದರು: "ಕರ್ಕಂಡು ಹೋಗೂಕೆ ಬಂದಿದ್ದಾನೆ. ಕುಂಕುಮ ತಕಂಬನ್ನಿ. ಹಸಿರು ಬಳೆ ತನ್ನಿ. ಭಟ್ಟರಿಗೆ ಹೇಳಿ — ಇಬ್ಬರದ್ದೂ ಒಟ್ಟಿಗೇ ಆಗ್ಲಿ."

ಹಾಗೆ ದೇವಿ ಅಕ್ಕೋರು ಮುತ್ತೈದೆಯಾಗಿ ಹೋದರು. ಹಾಗೆ ಪಾಂಡು ತಾಂಡೇಲರಿಗೂ ಎರಡು ವರ್ಷದ ಮೇಲೆ ಎಳ್ಳುನೀರು ಸಿಕ್ಕಿತು.

ನಮ್ಮ ಶಾಲೆಯ ವಿಜ್ಞಾನದ ರಮಾನಂದ ಮಾಸ್ತರರು ಇದನ್ನು ಒಪ್ಪಲಿಲ್ಲ. ಚಿರೇಕಲ್ಲು ಶೇಡಿಯನ್ನು ಕುಡಿಯುತ್ತದೆ. ಕಲ್ಲು ಒದ್ದೆಯಾದರೆ ಹಳೆಯ ಗೆರೆ ಮೇಲೆ ಕಾಣುತ್ತದೆ. ಪಾಂಡು ಹಿಂದೆಂದೋ ಎಳೆದ ಗೆರೆ ಅದು ಎಂದರು. ಇರಬಹುದು. ನನಗೂ ಹಾಗೆಯೇ ಅನ್ನಿಸಿತು. ಒಂದು ಮಧ್ಯಾಹ್ನ ಮಳೆ ಬಿಟ್ಟು ಕಲ್ಲು ಒಣಗಿದಾಗ, ಸಣ್ಣಮ್ಮನ ಒಪ್ಪಿಗೆ ಕೇಳಿ, ನಾವಿಬ್ಬರೂ ಆ ಮೆಟ್ಟಿಲಿಗೆ ಒಂದು ಕೊಡ ನೀರು ಹೊಯ್ದೆವು.

ಅವರು ಹೇಳಿದ್ದು ನಿಜ. ಗೆರೆಗಳು ಬಂದವು. ಮಸುಕಾಗಿ, ಒಂದರ ಕೆಳಗಿಂದ ಒಂದು — ಏಡಿಯ ಚುಕ್ಕೆ, ಗೇರುಹೂವು, ಬಲೆ, ತವಸಳಿಯ ಬಿರುಕು. ಎರಡು ವರ್ಷದ ಬೆಳಗುಗಳೆಲ್ಲ ಕಲ್ಲಿನೊಳಗೆ ಉಳಿದಿದ್ದವು. ನಾವು ನೋಡುತ್ತ ಹೋದೆವು. ಎಲ್ಲದಕ್ಕೂ ಪಡುವಣಕ್ಕೆ ಬಾಗಿಲು ತೆರೆದೇ ಇತ್ತು. ಆ ದಪ್ಪ ಗೆರೆ ಕಾಣಲಿಲ್ಲ. ಮಾಸ್ತರರು ಖಾಲಿ ಕೊಡ ಹಿಡಿದುಕೊಂಡು ನಿಂತು ಕೇಳಿದರು: "ಇನ್ನೊಂದು ಕೊಡ ತರ್ಲಾ?"

"ಸಾಕು" ಎಂದೆ.

ಯಾಕೆ ಸಾಕೆಂದೆ, ಹೇಳಲಾರೆ. ಪದ್ಯ ಓದುವಾಗ ಕೆಲವು ಸಾಲಿನ ಮುಂದೆ ನಾನು ಪುಸ್ತಕ ಮುಚ್ಚಿಬಿಡುತ್ತೇನೆ. ಅದೂ ಹಾಗೆಯೇ. ಆದರೆ ಅಂದಿನಿಂದ ಮುಂಜಾನೆ ದಂಡೆಗೆ ಹೋದಾಗ ಏಡಿಯ ಚುಕ್ಕೆಗಳನ್ನು ದಾಟುವ ಮೊದಲು ನಿಲ್ಲುತ್ತೇನೆ. ಮನೆಯಲ್ಲಿ ದೋಸೆ ಮಗುಚುವಾಗ ಅದರ ತೂತುಗಳನ್ನು ನೋಡುತ್ತೇನೆ. ಏನೋ ಬರೆದಿದೆ ಅನ್ನಿಸುತ್ತದೆ. ನನಗೆ ಓದಲು ಬರುವುದಿಲ್ಲ. ದೇವಿ ಅಕ್ಕೋರಿಗೆ ಬರುತ್ತಿತ್ತು. ಹುಡುಗಿಯರೇ — ನಿಮ್ಮಲ್ಲಿ ಯಾರಿಗಾದರೂ ಬರುವುದಾದರೆ, ನಾಳೆ ಮಧ್ಯಾಹ್ನದ ತಾಸು ಖಾಲಿ ಇದೆ. ಮುಂದೆ ಬಂದು ಕುಳಿತುಕೊಳ್ಳಿ.

ಇನ್ನು ಒಂದೇ ಮಾತು. ಒಳಗೆ ಬರುವಾಗ ಈ ಸಭಾಂಗಣದ ಮೆಟ್ಟಿಲ ಮೇಲೆ ಶೇಡಿ ಚಿತ್ತಾರ ಕಂಡಿರಬೇಕು. ಹುಡುಗಿಯರು ಬರೆದದ್ದು. ಬರೆಯುವಾಗ ನನ್ನನ್ನು ಕೇಳಿದರು: "ಬಾಯಿ, ಬಾಗಿಲು ಬಿಡೂದಾ, ಕೂಡಿಸೂದಾ?" ನನಗೆ ತಿಳಿಯಲಿಲ್ಲ. ಸಣ್ಣಮ್ಮನನ್ನು ಕೇಳಿದೆ. ಅವರು ಹೇಳಿದ್ದು ಹೀಗೆ: "ಬಿಡಿ. ಇವತ್ತು ಬರೂಕಲ್ಲ, ಹೋಗೂಕೆ. ಆಮೇಲೆ ನಾ ಕೂಡಿಸ್ತೆ."

ಆದ್ದರಿಂದ ಈಗ ಎಲ್ಲರೂ ಎದ್ದು ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ. ಬೆಂಚು ಸದ್ದು ಮಾಡದ ಹಾಗೆ. ನಡುವಿನ ದಾರಿಯಲ್ಲಿ ನಿಂತವರು ದಯವಿಟ್ಟು ಆಚೀಚೆ ಸರಿಯಿರಿ — ಇಬ್ಬರು ಹೋಗುವಷ್ಟು ಜಾಗ ಇರಲಿ. ಮೌನದಲ್ಲಿರುವಾಗ ಯಾರೂ ಬಾಗಿಲ ಕಡೆಗೆ ತಿರುಗಿ ನೋಡಬೇಡಿ. ಸಣ್ಣಮ್ಮ ಎದ್ದು ಹೊರಗೆ ಹೋಗಿ, ಶೇಡಿಯಲ್ಲಿ ಬೆರಳದ್ದಿ, ಗೆರೆ ಕೂಡಿಸಿ ಬರುತ್ತಾರೆ. ಅವರು ತಿರುಗಿ ಬಂದು ಕುಳಿತ ಮೇಲೆ ನಾವೂ ಕುಳಿತುಕೊಳ್ಳೋಣ.

ಏಳೋಣ.