ಬೀಶ್ಯಾ ಒಡೆಸಿದ ಅಡುಗೆಮನೆ

ದೀಪ ಸ್ವಲ್ಪ ಸಣ್ಣ ಮಾಡಿ. ಹಿಂದಿನ ಬಾಗಿಲಿಗೆ ಅಗಳಿ ಹಾಕಿದೆಯಾ, ಒಮ್ಮೆ ನೋಡಿ ಬನ್ನಿ... ಹೂಂ, ಕೂತ್ಕೊಳ್ಳಿ. ಇದು ಅವರಿವರ ಬಾಯಲ್ಲಿ ಕೇಳಿದ್ದಲ್ಲ. ನಮ್ಮ ಚಿಕ್ಕಪ್ಪನ ಸೊಸೆ ಬೀಶ್ಯಾಗೆ ಆದದ್ದು. ಇಲ್ಲೇ, ತೈನಾನ್ ಊರಿನ ಒಳಗೆ, ಕುರುಡು ಬಾವಿ ಓಣಿಯಲ್ಲಿ.

ಅವತ್ತು ರಾತ್ರಿ ಬೀಶ್ಯಾ ಕೆಲಸ ಮುಗಿಸಿ ಮನೆಗೆ ಬರುತ್ತಿದ್ದಳು. ಹೆಸರಿಗೆ ಮೂರು ಅಂತಸ್ತಿನ ಮನೆಯ ಒಡತಿ. ಸಂಜೆಯಾದರೆ ಹಾವುಮೀನಿನ ಶಾವಿಗೆ ಅಂಗಡಿಯಲ್ಲಿ ಪಾತ್ರೆ ತೊಳೆಯುವವಳು. ಐದು ಕೋಣೆ ಬಾಡಿಗೆಗೆ ಕೊಟ್ಟವಳಿಗೆ ಇದೇನು ಕರ್ಮ ಅಂತ ನೀವು ಕೇಳಬಹುದು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಮನೆ ಬಾಡಿಗೆಗೆ ಕೊಟ್ಟು ನೋಡು ಅಂತ ಯಾರೂ ಹೇಳಲಿಲ್ಲ, ಅದನ್ನೇ ಮೊದಲು ಹೇಳಬೇಕಿತ್ತು. ಒಬ್ಬ ರಾತ್ರಿಯಿಡೀ ಎ.ಸಿ. ಹಾಕಿಕೊಂಡು ಮಲಗಿ, ಮೀಟರ್ ಸುಳ್ಳು ಹೇಳುತ್ತೆ ಅಂತ ಜಗಳಕ್ಕೆ ಬರುತ್ತಾನೆ. ಒಬ್ಬಳ ಕೂದಲು ಬಚ್ಚಲಿನ ಕೊಳವೆಯನ್ನು ಕಟ್ಟಿಹಾಕುತ್ತದೆ. ಮೇಲಿನವನ ನೀರು ಕೆಳಗಿನವನ ಹಾಸಿಗೆಗೆ ಸೋರುತ್ತದೆ, ಇಬ್ಬರೂ ಬೈಯುವುದು ಮಾತ್ರ ಬೀಶ್ಯಾಳನ್ನು.

ಗಂಡ ಸತ್ತಾಗ ಬಿಟ್ಟುಹೋದದ್ದು ಎರಡೇ: ಈ ಮನೆ, ಈ ಮನೆಯ ಮೇಲಿನ ಬ್ಯಾಂಕ್ ಸಾಲ. ಮೊದಲು ಬಾಡಿಗೆಗೆ ಇದ್ದದ್ದು ನಾಲ್ಕೇ ಕೋಣೆ. ಅದರಲ್ಲಿ ಸಾಲದ ಕಂತು ಹುಟ್ಟುತ್ತಿರಲಿಲ್ಲ. ಹಾಗಾಗಿ ಅವಳು ನೆಲಮಹಡಿಯ ಹಿಂದುಗಡೆ ಇದ್ದ ಹಳೆಯ ಅಡುಗೆಮನೆಯನ್ನು ಒಡೆಸಿದಳು. ಒಲೆಕಟ್ಟೆ ಹೋಯಿತು, ಕಲ್ಲಿನ ತೊಟ್ಟಿ ಹೋಯಿತು, ಬಾಗಿಲು ಅದರ ಹಿತ್ತಾಳೆ ಬೀಗ ಮತ್ತು ಉದ್ದನೆಯ ಬೀಗದ ಕೈ ಸಮೇತ ಲಾರಿ ಹತ್ತಿ ಹೋಯಿತು. ಆ ಜಾಗದಲ್ಲಿ ಬಿಳಿ ಟೈಲ್ಸು, ಪುಟ್ಟ ಬಚ್ಚಲು, ಮಂಚ... ಐದನೇ ಕೋಣೆ ಸಿದ್ಧ. ಅದರಲ್ಲಿ ಜನ ನಿಂತರೆ ಮನೆ ಅವಳದು. ನಿಲ್ಲದಿದ್ದರೆ ಬ್ಯಾಂಕಿನ ಪಾಲು.

ಜನ ನಿಲ್ಲಲಿಲ್ಲ.

ಮೊದಲು ಬಂದ ಕಾಲೇಜು ಹುಡುಗಿ, ರಾತ್ರಿ ಯಾರೋ ಪಾತ್ರೆ ಎಳೆದಾಡ್ತಾರೆ ಅಂತ ಬಿಟ್ಟುಹೋದಳು. ಆಮೇಲೆ ಬಂದವನು ಲಾರಿ ಡ್ರೈವರ್, ಕೋಣದಂಥ ಆಳು. ಅವನೂ ಒಂದು ರಾತ್ರಿ ಎದ್ದು ನಡೆದ. ಅಡ್ವಾನ್ಸ್ ಕೂಡ ವಾಪಸ್ ಕೇಳಲಿಲ್ಲ. ಅಡ್ವಾನ್ಸ್ ಬಿಟ್ಟು ಓಡುವ ಬಾಡಿಗೆದಾರನನ್ನು ನಿಮ್ಮ ಜನ್ಮದಲ್ಲಿ ಕಂಡಿದ್ದೀರಾ? ಬೀಶ್ಯಾಗೆ ನಿಜವಾಗಿ ಹೆದರಿಕೆ ಹುಟ್ಟಿದ್ದು ಆಗಲೇ.

ಈಗ ಅಲ್ಲಿ ಇದ್ದವಳು ಯೀರೂ ಅಂತ, ಆಸ್ಪತ್ರೆಯಲ್ಲಿ ಆಯಾ. ಗಟ್ಟಿ ಹೆಂಗಸು, ಹೆಣ ಒರೆಸಿ ಬಂದು ಕೈ ತೊಳೆದು ಊಟಕ್ಕೆ ಕೂರುವವಳು. ಇವಳು ನಿಲ್ಲುತ್ತಾಳೆ ಅಂತ ಬೀಶ್ಯಾ ಆಸೆ ಇಟ್ಟುಕೊಂಡಿದ್ದಳು.

ಆ ರಾತ್ರಿ ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಆಲದ ಮರದ ಬಿಳಲುಗಳು ಗಾಳಿಯಿಲ್ಲದೆ ನೇತಾಡುತ್ತಿದ್ದವು. ಮರದ ಕೆಳಗೆ ಆ ಹಳೆಯ ಬಾವಿ. ಮೇಲೆ ಸಿಮೆಂಟಿನ ಚಪ್ಪಡಿ ಹಾಕಿ ಎಷ್ಟೋ ವರ್ಷವಾಯಿತು. ಬೀಶ್ಯಾ ಅದನ್ನು ದಾಟುವಾಗ ಒಂದು ಸದ್ದು ಕೇಳಿಸಿತು.

ಟಕ್ ಟಕ್ ಟಕ್... ಟಕ್.

ನಿಂತಳು. ಬಾವಿಯಿಂದಲ್ಲ. ಅವಳ ಮನೆಯ ಕಡೆಯಿಂದ. ಹೆಜ್ಜೆ ಬಿರುಸು ಮಾಡಿದಳು. ಮನೆಯ ಮುಂದಿನ ಮೆಟ್ಟಿಲ ಮೇಲೆ ಯೀರೂ ಕೂತಿದ್ದಳು. ಒಂದು ಕಾಲಲ್ಲಿ ಮಾತ್ರ ಚಪ್ಪಲಿ.

"ಇಲ್ಲಿ ಯಾಕೆ ಕೂತಿದ್ದೀಯೇ?"

"ಶ್... ಮೆತ್ತಗೆ, ಓನರಮ್ಮ."

"ಮತ್ತೆ ನಲ್ಲಿ ಸೋರ್ತಿದ್ಯಾ?"

"ನಲ್ಲಿ ಅಲ್ಲ. ಬಾಗಿಲು ತಟ್ತಿದ್ದಾರೆ."

"ಯಾರು? ಮೇಲಿನವನು ಕುಡ್ಕೊಂಡು ಬಂದ್ನಾ?"

"ಕುಡುಕ ಇಲ್ಲಿ ತಟ್ತಾನಾ?" ಯೀರೂ ಕೈ ಇಳಿಸಿ ತೋರಿಸಿದಳು. ಅವಳ ಮೊಣಕಾಲಿಗಿಂತ ಒಂದು ಗೇಣು ಮೇಲೆ, ಅಷ್ಟೇ.

"ಯಾವುದೋ ಮಗು ಇರ್ಬೇಕು ಬಿಡೇ."

"ಮಗು ಮುದುಕರ ಹಾಗೆ ಕೆಮ್ಮುತ್ತಾ?" ಯೀರೂ ಇನ್ನೂ ದನಿ ತಗ್ಗಿಸಿದಳು. "ಇನ್ನೊಂದು ಮಾತು ಹೇಳ್ಲಾ? ಬೈಬೇಡಿ. ತಟ್ಟೋದು ನಿಮ್ಮ ಹಾಗೇನೇ. ಒಂದನೇ ತಾರೀಕು ಬಂದು ತಟ್ತೀರಲ್ಲ... ಮೂರು ಸಲ. ಸ್ವಲ್ಪ ಬಿಟ್ಟು, ಇನ್ನೊಂದು."

ಬೀಶ್ಯಾ ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಕೋಣೆಯ ಬಾಗಿಲು ತೆರೆದೇ ಇತ್ತು. ದೀಪ ಉರಿಯುತ್ತಿತ್ತು. ಮಂಚ, ಬೀರು, ಬಚ್ಚಲು. ಯಾರೂ ಇಲ್ಲ. ಇಬ್ಬರೂ ಕಿವಿಗೊಟ್ಟು ನಿಂತರು.

ಮೊದಲು... ಕರ್ರ್ ಅಂತ ಒಂದು ಎಳೆತ. ಮಣ್ಣಿನ ಮಡಕೆಯ ಬಾಯಿಂದ ಮುಚ್ಚಳ ಸರಿಸಿದ ಸದ್ದು. ಆಮೇಲೆ ಠಣ್. ಬರಿದಾದ ಪಾತ್ರೆಗೆ ಸೌಟು ತಾಗಿದ್ದು. ದಿನಾ ರಾತ್ರಿ ನೂರಾರು ಪಾತ್ರೆ ಮುಟ್ಟುವ ಬೀಶ್ಯಾಗೆ ಇದರಲ್ಲಿ ಅನುಮಾನವೇ ಬರಲಿಲ್ಲ. ಸದ್ದು ಬರುತ್ತಿದ್ದದ್ದು ಮಂಚದ ಕೆಳಗಿನಿಂದ. ಒಲೆ ಇದ್ದ ಮೂಲೆಯಿಂದ. ಕೊನೆಗೆ, ಊಟದ ಕಡ್ಡಿಯಿಂದ ಖಾಲಿ ಬಟ್ಟಲಿನ ಅಂಚಿಗೆ ಬಡಿಯುವುದು... ಟಿಣ್... ಟಿಣ್... ಟಿಣ್. ಹಾಗೆ ಬಡಿಯುವವರು ಯಾರು ಗೊತ್ತಲ್ಲ? ಭಿಕ್ಷುಕರು. ಮನೆಮಕ್ಕಳು ಹಾಗೆ ಬಡಿದರೆ ಕೈ ಮೇಲೆ ಏಟು ಬೀಳುತ್ತದೆ.

"ನಾಳೆ ನಾನು ಖಾಲಿ ಮಾಡ್ತೀನಿ ಅಕ್ಕ," ಅಂದಳು ಯೀರೂ. "ಸತ್ತೋರು ಅಂದ್ರೆ ನಂಗೆ ಹೆದರಿಕೆ ಇಲ್ಲ. ಹಸಿದೋರು ಅಂದ್ರೆ ಹೆದರಿಕೆ."

ಬೀಶ್ಯಾ ಅವಳನ್ನು ತನ್ನ ಮೂರನೇ ಮಹಡಿಯ ಕೋಣೆಯಲ್ಲಿ ಮಲಗಿಸಿದಳು. ತಾನು ನಿದ್ದೆ ಮಾಡಲಿಲ್ಲ. ಬೆಳಗಾಗುತ್ತಲೇ ಓಣಿಯ ಬಾಯಲ್ಲಿ ಮೀನಿನ ಗಂಜಿ ಮಾರುವ ಗ್ಯೋಕ್ ಅಜ್ಜಿಯ ಹತ್ತಿರ ಹೋಗಿ ಕೂತಳು. ಗ್ಯೋಕ್ ಅಜ್ಜಿಯ ಬಾಯಿ ನಿಮಗೆ ಗೊತ್ತೇ ಇದೆ. ಅವಳ ಗಂಜಿಗಿಂತ ಖಾರ.

"ಏನೇ, ಮುಖ ಯಾಕೆ ಸೀಯಾಳದ ಸಿಪ್ಪೆ ಥರ ಮಾಡ್ಕೊಂಡಿದ್ದೀ?"

ಬೀಶ್ಯಾ ಪಿಸುಮಾತಿನಲ್ಲಿ ಎಲ್ಲ ಹೇಳಿದಳು. ಅಜ್ಜಿ ಸೌಟು ಕೆಳಗಿಟ್ಟಳು.

"ಅಡುಗೆಮನೆ ಒಡೆಸಿದೆ, ಸರಿ. ನೆಲದಯ್ಯನಿಗೆ ಎಡೆ ಎಲ್ಲಿ ಇಡ್ತಿದ್ದೀ? ಟೈಲ್ಸ್ ಮೇಲಾ?"

ಬೀಶ್ಯಾ ತಲೆ ತಗ್ಗಿಸಿದಳು. ನೆಲದಯ್ಯ ಅಂದರೆ ಯಾರು ಅಂತ ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ನಾವು ಬರುವ ಮೊದಲು ಆ ನೆಲದಲ್ಲಿ ಬದುಕಿ ಸತ್ತವನು. ಕುಳ್ಳ. ಅವನ ಜಾಗ ಅಡುಗೆಮನೆ. ಹಬ್ಬದ ಮಧ್ಯಾಹ್ನ ಒಲೆಯ ಎದುರು ಗಿಡ್ಡ ಮಣೆ ಹಾಕಿ ಒಂದು ಕೋಳಿ ಕಾಲು, ಅನ್ನ, ಸೊಪ್ಪು, ಬಟ್ಟಲಲ್ಲಿ ಹೆಂಡ ಇಟ್ಟರೆ ಅವನಿಗೆ ಸಾಕು. ಅವನು ದೇವಸ್ಥಾನ ಕೇಳುವುದಿಲ್ಲ, ಚಿನ್ನ ಕೇಳುವುದಿಲ್ಲ.

"ಬಾಡಿಗೆಯವರು ಇಡ್ತಾರೆ ಅಂದ್ಕೊಂಡಿದ್ದೆ ಅಜ್ಜಿ. ಅಲ್ಲಿ ಇರೋದು ಅವ್ರೇ ಅಲ್ವಾ?"

"ಅವ್ರನ್ನ ಕೇಳಿದ್ಯಾ?"

"ಯೀರೂನ ಕೇಳ್ದೆ. ಅವ್ಳು... ಓನರಮ್ಮ ಇಡ್ತಾರೆ ಅಂದ್ಕೊಂಡಿದ್ಲು."

"ಭೇಷ್! ಎರಡು ಮನೆಯ ನೆಂಟ ಉಣ್ಣದೆ ಕೆಟ್ಟ. ಎದ್ದು ಹೋಗೇ, ಕೋಳಿ ತಗೊಂಡು ಬಾ. ನನ್ನ ಮುಂದೆ ಅತ್ರೆ ಅವನ ಹೊಟ್ಟೆ ತುಂಬುತ್ತಾ?"

ಅವತ್ತು ಮಧ್ಯಾಹ್ನ ಬೀಶ್ಯಾ ಐದನೇ ಕೋಣೆಯ ಮಂಚವನ್ನು ಗೋಡೆಗೆ ಒರಗಿಸಿದಳು. ಆ ಮೂಲೆಯಲ್ಲಿ ಒಂದು ಪುಟ್ಟ ಗ್ಯಾಸ್ ಒಲೆ ತಂದಿಟ್ಟಳು. ಅದರ ಎದುರು ಗಿಡ್ಡ ಮಣೆ. ಕೋಳಿ ಕಾಲು, ಅನ್ನ, ಬಸಳೆ, ಹೆಂಡ, ಹೊಸ ಕಡ್ಡಿಗಳು. ಊದುಬತ್ತಿ ಹಚ್ಚಿ, ಮಂಡಿಯೂರಿ ಹೇಳಿದಳು:

"ಅಯ್ಯಾ, ನನ್ನ ಮನೇಲಿ ತಪ್ಪಾಯ್ತು. ಊಟ ಮಾಡು. ನನ್ನ ಬಾಡಿಗೆದಾರರನ್ನ ಓಡಿಸ್ಬೇಡ."

ಬತ್ತಿ ಅರ್ಧ ಉರಿದ ಮೇಲೆ ಎರಡು ನಾಣ್ಯ ಎಸೆದಳು. ಒಂದು ಅಂಗಾತ, ಒಂದು ಬೋರಲು ಬಿದ್ದರೆ ಒಪ್ಪಿಗೆ. ಎರಡೂ ಅಂಗಾತ ಬಿದ್ದವು. ಹಾಗೆ ಬಿದ್ದರೆ ನಗುತ್ತಿದ್ದಾನೆ ಅಂತ ಅರ್ಥ.

"ನನ್ನ ಮನೆ ಉಳಿಸ್ಕೊಡಪ್ಪಾ." ಮತ್ತೆ ಎಸೆದಳು. ಮತ್ತೆ ನಗು.

"ನನ್ನ ಗಂಡ ಬೆವರು ಸುರಿಸಿ ತಗೊಂಡ ಮನೆ." ಎಸೆದಳು. ಈ ಸಲ ಎರಡೂ ಬೋರಲು. ಒಪ್ಪಿಗೆ ಇಲ್ಲ.

ಬಾಗಿಲ ಹೊರಗೆ ನಿಂತಿದ್ದ ಯೀರೂ ಅಂಗಿಯ ಅಂಚನ್ನು ಹಿಂಡುತ್ತಿದ್ದಳು. "ಅಯ್ಯ ಬೇಜಾರಲ್ಲಿದ್ದಾರಾ?"

"ಸುಮ್ನಿರೇ."

ಬತ್ತಿ ಆರಿತು. ಇನ್ನೊಂದು ಹಚ್ಚಿದಳು. ಅದೂ ಆರಿತು. ಕಿಟಕಿಯಲ್ಲಿ ಬೆಳಕು ಹೋಯಿತು. ಬೀಶ್ಯಾಳ ಮಂಡಿ ಜೋಮು ಹಿಡಿದಿತ್ತು, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಇವಳೂ ಹೋದರೆ ಮನೆ ಹೋಯಿತು. ಈ ವಯಸ್ಸಿನಲ್ಲಿ ಗಂಡನ ಪಟ ಕಂಕುಳಲ್ಲಿಟ್ಟುಕೊಂಡು ತಾನು ಯಾರ ಬಾಗಿಲಿಗೆ ಹೋಗಿ ಕೋಣೆ ಕೇಳುವುದು? ಒಂಟಿ ಮುದುಕಿಯರು ಬಂದು ಕೇಳಿದಾಗ ತಾನೇ ಎಷ್ಟು ಸಲ ಇಲ್ಲ ಅಂದಿಲ್ಲ?

ಆಗ, ಅವಳ ಬೆನ್ನ ಹಿಂದೆ...

ಟಕ್ ಟಕ್ ಟಕ್.

ಅಷ್ಟರಲ್ಲಿ ಒಳಗೆ ಬಂದು ಕೂತಿದ್ದ ಯೀರೂ ಗೋಡೆಗೆ ಅಂಟಿಕೊಂಡಳು. ಬಾಗಿಲು ಹಾರುಹೊಡೆದಿತ್ತು. ಹೊಸ್ತಿಲಲ್ಲಿ ಯಾರೂ ಇರಲಿಲ್ಲ.

ಟಕ್.

ತೆರೆದ ಬಾಗಿಲನ್ನು ಯಾರು ತಟ್ಟುತ್ತಾರೆ? ಬೀಶ್ಯಾ ತಟ್ಟುತ್ತಾಳೆ. ತಿಂಗಳ ಮೊದಲ ದಿನ, ಒಳಗೆ ಜನ ಕಾಣುತ್ತಿದ್ದರೂ, ಬೆರಳ ಗೆಣ್ಣಿನಿಂದ ತಟ್ಟಿ, ನಾನು ಬಂದಿದ್ದೀನಿ ಅಂತ ತಿಳಿಸುತ್ತಾಳೆ. ಅದು ಮನೆಯ ಒಡೆಯರು ತಟ್ಟುವ ರೀತಿ... ಮನೆ ಯಾರದು ಅಂತ ಬೀಶ್ಯಾಗೆ ಆಗ ಹೊಳೆಯಿತು. ತಿರುಗಿ ನೋಡಲಿಲ್ಲ. ಹಣೆಯನ್ನು ಟೈಲ್ಸಿಗೆ ಹಚ್ಚಿದಳು.

"ಅಯ್ಯಾ..." ಅಂದಳು ಪಿಸುಮಾತಿನಲ್ಲಿ. "ನಾನು... ಇಲ್ಲಿ ಇರಬಹುದಾ?"

ನಾಣ್ಯ ಎಸೆದಳು. ಒಂದು ಅಲ್ಲೇ ಬಿದ್ದು ಅಂಗಾತವಾಯಿತು. ಇನ್ನೊಂದು ಸುತ್ತಿತು, ಸುತ್ತಿತು... ಝರ್ರ್ ಅಂತ ಮಣೆಯ ಕೆಳಗೆ ಉರುಳಿ ನಿಂತಿತು. ಯೀರೂ ಫೋನಿನ ಬೆಳಕು ಬಿಟ್ಟು ಬಗ್ಗಿದಳು.

"ಬೋರಲು," ಅಂದಳು. "ಅಕ್ಕಾ... ಬೋರಲು ಬಿದ್ದಿದೆ."

ಆ ರಾತ್ರಿಯೇ ಬೀಶ್ಯಾ ತನ್ನ ಹಾಸಿಗೆ ಕೆಳಗೆ ತಂದಳು. ಮೂರನೇ ಮಹಡಿಯ ಗಾಳಿಬೆಳಕಿನ ಕೋಣೆ ಅದೇ ಬಾಡಿಗೆಗೆ ಯೀರೂಗೆ. ಹಿಂದಿನ ಕೋಣೆ ಇನ್ನು ಮುಂದೆ ಅಡುಗೆಮನೆ. ಅದರ ಮೂಲೆಯಲ್ಲಿ, ಒಲೆಯ ಪಕ್ಕ, ಬೀಶ್ಯಾಳ ಚಾಪೆ. ಐದು ಕೋಣೆಯ ಬಾಡಿಗೆಯಲ್ಲಿ ಕಂತು ಹೇಗೋ ಹೊಂದಿತು, ಮನೆ ಉಳಿಯಿತು. ಯೀರೂ ಈಗಲೂ ಅಲ್ಲೇ ಇದ್ದಾಳೆ. ಬೇಕಾದರೆ ಹೋಗಿ ಕೇಳಿ.

ಕತೆ ಇಲ್ಲಿಗೇ ಮುಗಿದಿದ್ದರೆ ನಾನು ನಿಮಗೆ ಅಗಳಿ ಹಾಕಿ ಅಂತ ಹೇಳುತ್ತಿರಲಿಲ್ಲ.

ಬೀಶ್ಯಾಗೆ ಒಂದು ಅಭ್ಯಾಸ. ಹೊಸ ಬಾಡಿಗೆದಾರರು ಬಂದರೆ ಬೀಗದ ಕೈಗೆ ಕೆಂಪು ದಾರ ಕಟ್ಟಿ, ಎರಡೂ ಕೈಯಲ್ಲಿ ಹಿಡಿದು ಕೊಡುವುದು. ಒಳ್ಳೆಯದಾಗಲಿ ಅಂತ. ಮಾರನೆಯ ಬೆಳಗ್ಗೆ ಅವಳು ಎದ್ದು ಮಣೆಯ ಕಡೆ ನೋಡಿದಳು. ಕೋಳಿ ಕಾಲು ಹಾಗೇ ಇತ್ತು, ಹೆಂಡವೂ ಹಾಗೇ ಇತ್ತು. ಅನ್ನದ ಬಟ್ಟಲು ಮಾತ್ರ ಬರಿದು, ತೊಳೆದಿಟ್ಟ ಹಾಗೆ. ಅದರೊಳಗೆ ಒಂದು ಉದ್ದನೆಯ ಹಿತ್ತಾಳೆ ಬೀಗದ ಕೈ.

ಹಳೆಯ ಅಡುಗೆಮನೆ ಬಾಗಿಲಿನದು. ಅವಳ ಕಣ್ಣೆದುರೇ ಲಾರಿ ಹತ್ತಿ ಹೋದದ್ದು. ಅದಕ್ಕೊಂದು ಕೆಂಪು ದಾರ ಕಟ್ಟಿತ್ತು, ಆಗಷ್ಟೇ ನೀರಿಂದ ತೆಗೆದ ಹಾಗೆ ಒದ್ದೆ.

ಬೀಶ್ಯಾ ಅದನ್ನು ಎರಡೂ ಕೈಯಲ್ಲೇ ತೆಗೆದುಕೊಂಡಳು. ಒಲೆಯ ಮೇಲೆ ಮೊಳೆ ಹೊಡೆದು ನೇತುಹಾಕಿದಳು. ಈಗ ಯಾರಿಗೂ ಖಾಲಿ ಮಾಡಿ ಅನ್ನುವುದಿಲ್ಲ. ಹೋದ ತಿಂಗಳು ಖಾಲಿಯಾದ ಕೋಣೆಯನ್ನು ಒಬ್ಬಳು ಒಂಟಿ ಮುದುಕಿಗೆ ಕೊಟ್ಟಳು. ಹಬ್ಬ ಇರಲಿ ಬಿಡಲಿ, ದಿನಾ ಒಂದು ಬಟ್ಟಲು ಅನ್ನ ಇಡುತ್ತಾಳೆ. ತಿಂಗಳ ಮೊದಲ ದಿನ ಮಾತ್ರ ನಿದ್ದೆ ಮಾಡುವುದಿಲ್ಲ, ಬಾಗಿಲು ನೋಡುತ್ತಾ ಕೂತಿರುತ್ತಾಳೆ.

"ಇನ್ನೇನು ಹೆದರಿಕೆ ನಿಂಗೆ? ಇರು ಅಂದನಲ್ಲ," ಅಂದೆ ನಾನು.

ಅವಳು ನನ್ನ ಕಿವಿಯ ಹತ್ತಿರ ಬಂದಳು. "ಕೀ ಕೊಟ್ಟೋರು... ಒಂದಿನ ವಾಪಸ್ ಕೇಳ್ತಾರಲ್ವಾ?"

ನಾನು ಹೇಳಿದ್ದು ಸುಳ್ಳು ಅನ್ನಿಸಿದರೆ ನಾಳೆ ಹಗಲಲ್ಲೇ ಹೋಗಿ ನೋಡಿ. ಒಲೆಯ ಮೇಲೆ, ಎಡಗಡೆ ಮೊಳೆ. ಕೆಳಗೆ ದಿನಾ ಬೆಂಕಿ ಉರಿಯುತ್ತದೆ, ಮೊಳೆ ಪಕ್ಕಕ್ಕಿರುವುದರಿಂದ ಆವಿಯೂ ತಾಗುವುದಿಲ್ಲ. ನಾನೇ ಈ ಬೆರಳಿಂದ ಮುಟ್ಟಿ ನೋಡಿದ್ದೇನೆ. ಆ ದಾರ ಇವತ್ತಿಗೂ ಒದ್ದೆ.