ಮೊದಲ ರೊಟ್ಟಿ ಕಾವೇರಿಗೆ

ಇಡು ಅಂದ್ನಲ್ಲ, ಆ ತಟ್ಟೆ ಅಲ್ಲೇ ಇಡು, ಡಸ್ಟ್‌ಬಿನ್ ಮುಚ್ಚಳ ಮುಟ್ಟಿದ್ಯೋ ನೋಡು ಮತ್ತೆ. ಅರ್ಧ ಪರಾಠಾ ಹಾಗೇ ಇದೆ, "ಅತ್ತೆ, ಪೇಟ್ ಭರ್ ಗಯಾ" ಅಂತಾನೆ, ನೋಡೇ ಅಪೂರ್ವ ನಿನ್ನ ತಮ್ಮನ್ನ. ತುಂಬಿದ್ರೆ ತುಂಬಲಿ ನಿಶಾಂತ್, ಸ್ವಲ್ಪ ಹೊತ್ತು ಕೂತ್ಕೊ, ಜಾಗ ಆಗುತ್ತೆ. ಬಾಲ್ಕನೀಲಿ ಬಿಸಿಲು ಬಂದಿದೆ, ಬನ್ನಿ ಇಬ್ರೂ. ಇಂಥ ಪರಾಠಾದ ಮೇಲೆ ಒಂದು ಚಳಿಗಾಲ ಪೂರ್ತಿ ನಮ್ಮ ಸಂಸಾರ ನಡೆದಿದೆ ಕಣ್ರೋ, ನಿಮ್ಮಪ್ಪನಿಗೂ ಈ ವಿಷಯ ಗೊತ್ತಿಲ್ಲ. ಸ್ವಂತ ಅಣ್ಣ, ನೋಯ್ಡಾದಲ್ಲೇ ಇದ್ದ, ಆದ್ರೂ ಗೊತ್ತಿಲ್ಲ. ಗೊತ್ತಿದ್ರೂ ನಾನು ಹೇಳಿದ್ದಲ್ಲ. ಹೇಳಿದ್ರೂ ಈಗ ಹೇಳೋ ಹಾಗೆ ಹೇಳಿರಲ್ಲ.

ನಿಮ್ಮ ಅನನ್ಯಾ ಅಕ್ಕ ಇದ್ದಾಳಲ್ಲ, ಈಗ ಹೌಜ್ ಖಾಸ್‌ನಲ್ಲಿ ಇಂಜಿನಿಯರಿಂಗು ಅಂತ ದೊಡ್ಡ ಕನ್ನಡಕ ಹಾಕ್ಕೊಂಡು ಓಡಾಡ್ತಾಳೆ, ಅವಳಾಗ ಯುಕೆಜಿ. ಅಲ್ಲ ಅಲ್ಲ, ಮುಂದಿನ ಹಲ್ಲು ಬಿದ್ದಿತ್ತು, ಅಂದ್ರೆ ಒಂದನೇ ಕ್ಲಾಸು. ನಾವು ಇದೇ ಇಂದಿರಾಪುರಂನಲ್ಲಿ, ಇದೇ ಸೊಸೈಟಿ, ಈ ಮನೆ ಅಲ್ಲ, ಆ ಕಡೆ ಟವರ್‌ನಲ್ಲಿ ಬಾಡಿಗೆಗೆ ಇದ್ವಿ. ಒಂದು ದಿನ ಬೆಳಿಗ್ಗೆ ನಿಮ್ಮ ಮಾವ ಇಸ್ತ್ರಿ ಷರ್ಟ್ ಹಾಕ್ಕೊಂಡು ನೋಯ್ಡಾದ ಆಫೀಸಿಗೆ ಹೋದ್ರು, ಮಧ್ಯಾಹ್ನ ಊಟದ ಡಬ್ಬಿ ಬಿಚ್ಚದೇ ವಾಪಸ್ ಬಂದ್ರು. ಏನ್ರೀ ಅಂದೆ. "ಬಾಗಿಲಿಗೆ ಬೀಗ ಹಾಕಿದ್ದಾರೆ" ಅಂದ್ರು. ರಜೆನಾ ಅಂದೆ. "ಕಂಪನಿಗೇ ಬೀಗ" ಅಂದ್ರು. ಅಷ್ಟು ಹೇಳಿ ಆ ಡಬ್ಬಿ ಬಿಚ್ಚಿ ಟೇಬಲ್ ಮೇಲಿಟ್ಕೊಂಡು ಚಿತ್ರಾನ್ನ ಒಂದಗುಳು ಬಿಡದೇ ತಿಂದ್ರು, ಗೊತ್ತಾ, ಆಮೇಲೆ ತುಂಬಾ ದಿನ ಅಂಥ ಊಟ ಸಿಗಲ್ಲ ಅಂತ ಯಾರೋ ಕಿವೀಲಿ ಹೇಳಿದ ಹಾಗೆ.

ಇವರ ಸ್ವಭಾವ ನಿಮಗೆ ಗೊತ್ತಲ್ಲ, ಈಗ ಒಳಗೆ ಮಲಗಿದ್ದಾರೆ, ಮೆಲ್ಲಗೆ ಹೇಳ್ತೀನಿ. ಕೈ ಎತ್ತಿ ಕೊಡೋಕೆ ಗೊತ್ತು, ಕೈ ಚಾಚೋಕೆ ಗೊತ್ತಿಲ್ಲ. ದಿನಾ ಬೆಳಿಗ್ಗೆ ಅದೇ ಇಸ್ತ್ರಿ ಷರ್ಟು, ಅದೇ ಬ್ಯಾಗು, ಕೆಲಸ ಹುಡುಕ್ಕೊಂಡು ಹೋಗೋರು, ಗೇಟಿನ ಗಾರ್ಡ್ ಭಯ್ಯಾಗೂ ಅನುಮಾನ ಬರಬಾರದು. ಮನೇಲಿ ಬೇಳೆ ಡಬ್ಬದ ತಳ ಕಾಣ್ತಿತ್ತು, ಅಕ್ಕಿ ಚೀಲ ಗೋಡೆಗೆ ಒರಗಿ ನಿಲ್ಲೋಕೂ ಆಗದಷ್ಟು ಸೊರಗಿತ್ತು. ಅಷ್ಟರಲ್ಲಿ ನಮ್ಮ ಕಡೆಯೋರೊಬ್ರು, ಹಾಸನದೋರು, ಹೇಗೋ ವಿಷಯ ತಿಳಿದು ಅಕ್ಕಿ ಮೂಟೆ ಹೊತ್ಕೊಂಡು ಬಾಗಿಲಿಗೇ ಬಂದ್ರು. "ಇಟ್ಕೊಳ್ಳಿ ಸಾರ್, ನಮ್ಮನೇಲಿ ಜಾಸ್ತಿ ಇದೆ." ಇವರು ನಗ್ತಾ ನಗ್ತಾ, "ಅಯ್ಯೋ, ನಮ್ಮನೇಲೂ ಇಡೋಕೆ ಜಾಗ ಇಲ್ಲ ಸಾರ್, ಕಾಫಿ ಕುಡ್ಕೊಂಡು ಹೋಗಿ" ಅಂತ ಮೂಟೆ ಸಮೇತ ಕಳಿಸಿಬಿಟ್ರು! ಇದ್ದ ಕೊನೇ ಕಾಫಿಪುಡೀನೂ ಅವರಿಗೇ ಹೋಯ್ತು. ಬಾಗಿಲು ಹಾಕಿ ನನ್ನ ಕಡೆ ತಿರುಗಿ, "ಸುಮಾ, ಇನ್ನೊಂದು ಸಲ ಯಾರಾದ್ರೂ ಹೀಗೆ ಬಂದ್ರೆ ಅವತ್ತೇ ನಾವು ಗಂಟುಮೂಟೆ ಕಟ್ಟೋದು. ಊರಿಗೆ ಹೋಗಿ ನೀವಿಬ್ರೂ ನಿಮ್ಮಮ್ಮನ ಮನೇಲಿರಿ, ನಾನೆಲ್ಲಾದ್ರೂ ನೋಡ್ಕೋತೀನಿ" ಅಂದ್ರು. ತಮಾಷೆಗೆ ಅಂದಿದ್ದಲ್ಲ. ಸೂಟ್‌ಕೇಸು ಅಟ್ಟದಿಂದ ಇಳಿಸಿ ಧೂಳು ಒರೆಸಿಟ್ರು. ದಿನಾ ಬೆಳಿಗ್ಗೆ ಆ ಸೂಟ್‌ಕೇಸು ನೋಡ್ಕೊಂಡೇ ನಾನು ಒಲೆ ಹಚ್ಚಬೇಕು.

ಹಾಂ, ಈಗ ಬಟಾಣಿಗೆ ಬರ್ತೀನಿ. ದಿಲ್ಲಿ ಚಳಿಗಾಲದಲ್ಲಿ ಹೆಂಗಸರೆಲ್ಲ ಪಾರ್ಕಿನ ಬಿಸಿಲಲ್ಲಿ ಕೂತ್ಕೊಂಡು ಬಟಾಣಿ ಬಿಡಿಸ್ತಾರಲ್ಲ, ನಾನೂ ಹೋಗಿ ಕೂತೆ. ಬಟಾಣಿ ಇರಲಿಲ್ಲ ನನ್ನ ಹತ್ರ, ಬಿಸಿಲಿಗೆ ಯಾರೂ ಕಾಸು ಕೇಳಲ್ವಲ್ಲ. ಅಲ್ಲಿ ನೋಡಿದ್ರೆ ಸಿಪ್ಪೆ ಗುಡ್ಡ! ಹಸಿರು ಹಸಿರಾಗಿ, ಫಳಫಳ ಅಂತ. ಪಕ್ಕದಲ್ಲಿ ಹೂಕೋಸಿನ ದಂಟು, ಮೂಲಂಗಿ ಸೊಪ್ಪು, ಎಲ್ಲಾ ಕಸಕ್ಕೆ. ನಾನು ಯಾರು, ಹೀರೆಕಾಯಿ ಸಿಪ್ಪೆಲಿ ಚಟ್ನಿ ಅರೆಯೋ ಮನೆಯಿಂದ ಬಂದೋಳು, ಕಲ್ಲಂಗಡಿ ತಿಂದ್ರೆ ಅದರ ಬಿಳೀ ಭಾಗಾನ ದೋಸೆಗೆ ಹಾಕೋ ಜನ ನಾವು! ಆ ಗುಡ್ಡ ನೋಡಿ ನನಗೆ ಒಗ್ಗರಣೆ ವಾಸನೆ ಬಂದ ಹಾಗಾಯ್ತು. ಎದುರು ಮನೆ ಬೀಜಿ, ಪಂಜಾಬಿ ಅಜ್ಜಿ, ನಮ್ಮ ಬಾಗಿಲಿಗೆ ಅವರ ಬಾಗಿಲು ಎದುರು, ನನ್ನ ಕಣ್ಣು ಎಲ್ಲಿದೆ ಅಂತ ನೋಡಿಬಿಟ್ರು. "ಏನು ನೋಡ್ತಿದ್ದೀಯ ಸುಮನ್?" ಸುಮಾ ಅಂದ್ರೆ ಅವರಿಗೆ ಸಾಲದು, ಸುಮನ್. ನನ್ನ ಬಾಯಿಂದ ಏನು ಬಂತು ಗೊತ್ತಾ? "ಗಾಯ್ ಕೇ ಲಿಯೇ, ಬೀಜಿ." ಹಸುಗೆ ಅಂತ! ಯಾವ ಹಸು? ನನಗೇನು ಗೊತ್ತು ಯಾವ ಹಸು. ಕಾಲುವೆ ಹತ್ರ ಇದೆ ಬೀಜಿ, ಪಾಪ, ದಿನಾ ತಿನ್ನಿಸ್ತೀನಿ. ಹೆಸರೇನು? ಕಾವೇರಿ. ಬಣ್ಣ? ಕಂದು, ಹಣೇಲಿ ಬಿಳಿ ಬೊಟ್ಟು. ಅವರು ಕೇಳ್ತಾ ಹೋಗಿದ್ರೆ ನಾನು ಅದರ ಜಾತಕಾನೂ ಹೇಳ್ತಿದ್ದೆ.

ಇಲ್ಲಿನ ಪದ್ಧತಿ ನಿಮಗೆ ಗೊತ್ತಿರಬೇಕು, ನೀವು ಇಲ್ಲೇ ಹುಟ್ಟಿದೋರು. ಬೆಳಿಗ್ಗೆ ತವಾ ಮೇಲಿಂದ ಇಳಿಯೋ ಮೊದಲನೇ ರೊಟ್ಟಿ ಹಸುಗೆ, ಮನೆಯೋರಿಗಲ್ಲ. ಯಾರೂ ತಿನ್ನೋಕೆ ಮುಂಚೆ ಅದನ್ನ ತೆಗೆದಿಡ್ತಾರೆ. ಆದ್ರೆ ಒಂಬತ್ತನೇ ಮಹಡಿಗೆ ಹಸು ಎಲ್ಲಿ ಬರುತ್ತೆ, ಹೇಳು? ಪಾಪ ರೊಟ್ಟಿ ಒಣಗಿ ಹಪ್ಪಳ ಆಗಿ ಗೇಟಿನ ಕಂಬಿಗೆ ನೇತಾಡ್ತಿತ್ತು. ಈಗ ನಮ್ಮ ಸುಮನ್ ಹತ್ರ ಒಂದು ಹಸು ಇದೆ ಅಂದ್ರೆ ಬಿಡ್ತಾರಾ? ಮಾರನೇ ದಿನ ಬಾಗಿಲ ಚಿಲಕದಲ್ಲಿ ಒಂದು ಚೀಲ: ಬಟಾಣಿ ಸಿಪ್ಪೆ, ಮೂಲಂಗಿ ಸೊಪ್ಪು, ಮೇಲೆ ಪೇಪರ್‌ನಲ್ಲಿ ಸುತ್ತಿದ ರೊಟ್ಟಿ. ನಾನು ಅಷ್ಟೊಂದು ಪಾಪಿ ಅಲ್ಲಮ್ಮ, ದಿನಾ ರೊಟ್ಟಿಯ ಒಂದು ತುಂಡು ನಿಜವಾಗ್ಲೂ ಕಾಲುವೆ ಹತ್ರ ಹೋಗಿ ಒಂದು ಹಸುಗೆ ಹಾಕಿ ಬರ್ತಿದ್ದೆ. ಎಮ್ಮೆ ಇದ್ರೂ ಇರಬಹುದು, ಆ ಮಂಜಲ್ಲಿ ಏನು ಕಾಣುತ್ತೆ.

ಉಳಿದಿದ್ದು ನಮ್ಮನೆ ಅಡುಗೆ. ಬಟಾಣಿ ಸಿಪ್ಪೆ ಒಳಗಿನ ತೆಳ್ಳಗಿನ ಪೊರೆ ಸುಲಿದು, ಹಸಿಮೆಣಸಿನಕಾಯಿ ಹುಣಸೆಹಣ್ಣು ಇಟ್ಟು ಅರೆದ್ರೆ, ಆಹಾ. ಮೂಲಂಗಿ ಸೊಪ್ಪಿನ ಪಲ್ಯ, ಕೋಸಿನ ದಂಟಿನ ಹುಳಿ, ಕಿತ್ತಳೆ ಸಿಪ್ಪೆ ಗೊಜ್ಜು. ಮಾವನ ಮುಂದೆ ರೊಟ್ಟಿ ಬಿಸಿ ಮಾಡಿ ಬಡಿಸಿದೆ. ಇವರು ಮುರಿದು ಬಾಯಿಗಿಟ್ಟು, "ಸುಮಾ, ಮದುವೆ ಆದಾಗಿಂದ ಇವತ್ತೇ ನೋಡು ನೀನು ಸರಿಯಾಗಿ ಚಪಾತಿ ಮಾಡಿದ್ದು" ಅಂದ್ರು. ನನಗೆ ಒಂದು ಕಡೆ ಸಿಟ್ಟು, ಒಂದು ಕಡೆ ನಗು. "ಥ್ಯಾಂಕ್ಸ್ ರೀ, ಈಗ ಹದ ಸಿಕ್ಕಿದೆ" ಅಂದೆ. ಅನನ್ಯಾ ಕೇಳಿದ್ಲು, "ಅಮ್ಮ, ನೀನು ಹಿಟ್ಟು ಯಾವಾಗ ಕಲಸಿದೆ?" ನೀನು ಸ್ಕೂಲಿಗೆ ಹೋದಾಗ ಪುಟ್ಟಿ, ತಿನ್ನು.

ಒಂದಿನ ರೊಟ್ಟಿ ಪೇಪರ್ ಬದಲು ಸ್ಟೀಲ್ ಡಬ್ಬೀಲಿ ಬಂತು. ಈಗ ಬೀಜಿ ಡಬ್ಬಿ ವಾಪಸ್ ಕೊಡಬೇಕಲ್ಲ. ಖಾಲಿ ಡಬ್ಬಿ ಕೊಡೋ ಪದ್ಧತಿ ಅವರಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ಏನು ಹಾಕೋದು? ಅದೇ ಚಟ್ನಿ ಹಾಕಿ ಕೊಟ್ಟೆ! ಅವರ ಬಟಾಣಿ ಸಿಪ್ಪೆ ಅವರಿಗೇ. ಬೀಜಿ ಅಲ್ಲೇ ಬಾಗಿಲಲ್ಲೇ ಬೆರಳಲ್ಲಿ ತೆಗೆದು ನೆಕ್ಕಿದ್ರು. "ವಾಹ್, ಏನಿದು?" ನಮ್ಮೂರಿನ ಒಂದು ಸೊಪ್ಪು ಬೀಜಿ, ಇಲ್ಲಿ ಸಿಗಲ್ಲ. "ಅಚ್ಛಾ, ಅಚ್ಛಾ" ಅಂತ ಇನ್ನೊಂದು ಬೆರಳು. ಆಮೇಲೆ ಹಲ್ಲಿನ ಸಂದಿಯಿಂದ ಏನೋ ಎಳೆದ್ರು. ಬಟಾಣಿ ಸಿಪ್ಪೆಯ ನಾರು ಕಣ್ರೋ, ಉದ್ದಕ್ಕೆ, ದಾರದ ಹಾಗೆ! ಬೆಳಕಿಗೆ ಹಿಡಿದು ನೋಡಿದ್ರು. ನನ್ನ ನೋಡಿದ್ರು. ಜೀವಮಾನ ಪೂರ್ತಿ ಬಟಾಣಿ ಬಿಡಿಸಿದ ಹೆಂಗಸು. "ಒಳ್ಳೇ ಸೊಪ್ಪು" ಅಂದು ಬಾಗಿಲು ಹಾಕ್ಕೊಂಡ್ರು. ಮುಗೀತು, ಇನ್ನು ಸೊಸೈಟಿ ಪೂರ್ತಿ ಗೊತ್ತಾಗುತ್ತೆ, ಮಾವನ ಕಿವಿಗೆ ಬೀಳುತ್ತೆ, ಸೂಟ್‌ಕೇಸು ರೆಡಿ ಇದೆ.

ಮಾರನೇ ದಿನ ಚೀಲ ಬಂತು, ಬರದೇ ಇರಲಿಲ್ಲ. ಆದ್ರೆ ರೊಟ್ಟಿಗೆ ತುಪ್ಪ ಸವರಿತ್ತು. ಆಮೇಲೆ ರೊಟ್ಟಿ ಹೋಗಿ ಮೆಂತ್ಯ ಸೊಪ್ಪಿನ ಪರಾಠಾ ಆಯ್ತು. ಒಂದಿನ ಮಾವಿನಕಾಯಿ ಉಪ್ಪಿನಕಾಯಿ ಇತ್ತು. ಧೈರ್ಯ ಮಾಡಿ ಕೇಳೇಬಿಟ್ಟೆ, "ಬೀಜಿ, ಹಸುಗೆ ಉಪ್ಪಿನಕಾಯಿನಾ?" ಅವರು ಮುಖ ಒಂಚೂರೂ ಅಲ್ಲಾಡಿಸದೇ, "ಚಳಿ ಅಲ್ವಾ ಬೇಟಿ, ಪಾಪ ಅವಳಿಗೂ ಬಾಯಿಗೆ ರುಚಿ ಬೇಡ್ವಾ?" ಅಂದ್ರು. ಆಮೇಲೊಂದಿನ ಪೇಪರ್ ಬಿಚ್ಚಿದೆ, ಎರಡು ದೊಡ್ಡ ಪರಾಠಾ, ಜೊತೆಗೆ ಒಂದು ಪುಟಾಣಿ ಪರಾಠಾ. ನನ್ನ ಅಂಗೈಯಷ್ಟೇ. ಮುರಿದು ನೋಡಿದೆ, ದೊಡ್ಡದರಲ್ಲಿ ಹಸಿಮೆಣಸಿನಕಾಯಿ ಇದೆ, ಪುಟ್ಟದರಲ್ಲಿ ಇಲ್ಲ. ಹಸುಗೆ ಯಾಕಮ್ಮ ಖಾರ ಇಲ್ಲದ ಪುಟ್ಟ ಪರಾಠಾ? ಅಡುಗೆಮನೇಲಿ ಅದನ್ನ ಕೈಯಲ್ಲಿ ಹಿಡ್ಕೊಂಡು ನಿಂತೇ ಇದ್ದೆ. ಇಲ್ಲ, ಅಳಲಿಲ್ಲ, ಈರುಳ್ಳಿ ಹೆಚ್ತಿದ್ದೆ. ಈರುಳ್ಳಿ ಇರಲಿಲ್ಲ ಮನೇಲಿ, ಆದ್ರೂ ಹೆಚ್ತಿದ್ದೆ ಅಂತಿಟ್ಕೊಳ್ಳಿ.

ಈಗ ಲಿಫ್ಟಿಗೆ ಬನ್ನಿ. ಅವತ್ತು ಮಾವನಿಗೆ ಇನ್ನೊಂದು ಇಂಟರ್‌ವ್ಯೂ. ಬೆಳಿಗ್ಗೆ ಮೂಲಂಗಿ ಪರಾಠಾ ತಿಂದು, "ಇವತ್ತು ಓಂಕಾಳು ಹಾಕಿದ್ದೀಯ ಸುಮಾ, ಭೇಷ್" ಅಂತ ಹೇಳಿ ಹೊರಟ್ರು. ಗೇಟಿನ ತನಕ ಬಿಟ್ಟು ಬರೋಣ ಅಂತ ನಾನೂ ಹೊರಟೆ. ಲಿಫ್ಟ್ ಬಾಗಿಲು ಮುಚ್ಚೋ ಹೊತ್ತಿಗೆ ಬೀಜಿ ಕೋಲು ಊರ್ಕೊಂಡು ಒಳಗೆ ಬಂದ್ರು. ನಾನು ಕಣ್ಣಲ್ಲೇ ಸನ್ನೆ ಮಾಡ್ತೀನಿ, ಬೇಡ ಬೇಡ ಅಂತ, ಅವರಿಗೆ ಕಾಣ್ತಾನೇ ಇಲ್ಲ. ಇವರಿಗೆ ಏನೂ ಗೊತ್ತಿಲ್ಲ ಅಂತ ಅವರಿಗೆ ಗೊತ್ತಿಲ್ವಲ್ಲ. ಮಾವನ ಕಡೆ ತಿರುಗಿ, "ಬೇಟಾ, ಕಾವೇರಿ ಹೇಗಿದ್ದಾಳೆ?" ಅಂದ್ರು.

"ಯಾವ ಕಾವೇರಿ ಬೀಜಿ?"

"ಅರೇ, ನಿಮ್ಮ ಹಸು! ಸುಮನ್ ದಿನಾ ತಿನ್ನಿಸ್ತಾಳಲ್ಲ. ಇವತ್ತು ಮೂಲಂಗಿ ಪರಾಠಾ ಕೊಟ್ಟಿದ್ದೆ, ಓಂಕಾಳು ಹಾಕಿ. ತಿಂದಳಾ?"

ಮಾವ ನನ್ನ ಕಡೆ ನೋಡಿದ್ರು. ನಾನು ಲಿಫ್ಟಿನ ಬಟನ್ ಕಡೆ ನೋಡಿದೆ. ಎಂಟು, ಏಳು, ಅದು ಇಳೀತಾನೇ ಇದೆ. ಇವರ ಕಿವಿ ಕೆಂಪಾಗಿದೆ. ನನ್ನ ತಲೇಲಿ ಸೂಟ್‌ಕೇಸು, ನಿಜಾಮುದ್ದೀನ್ ಸ್ಟೇಷನ್ನು, ಅನನ್ಯಾ ಸ್ಕೂಲು, ನಾವು ಒಂದೂರು ಇವರು ಇನ್ನೊಂದೂರು, ಎಲ್ಲಾ ಸುತ್ತಿ ಬಂತು. ಬೀಜಿನೂ ಏನೋ ಎಡವಟ್ಟಾಯ್ತು ಅಂತ ಕೋಲು ಗಟ್ಟಿಯಾಗಿ ಹಿಡ್ಕೊಂಡಿದ್ದಾರೆ. ಲಿಫ್ಟ್ ಕೆಳಗೆ ಬಂದು ನಿಲ್ತು. ಬಾಗಿಲು ತೆಗೀತು. ಆಗ ನಿಮ್ಮ ಮಾವ ಗಂಟಲು ಸರಿ ಮಾಡ್ಕೊಂಡು, "ತಿಂದಳು ಬೀಜಿ. ಒಂದು ಚೂರೂ ಬಿಡಲಿಲ್ಲ" ಅಂದ್ರು. ಎರಡು ಹೆಜ್ಜೆ ಹೋಗಿ ತಿರುಗಿ, "ಖಾರ ಮಾತ್ರ ಅವಳಿಗೆ ಸ್ವಲ್ಪ ಜಾಸ್ತಿ ಆಯ್ತು" ಅಂದ್ರು.

ಬೀಜಿ, "ಅಚ್ಛಾ? ನಾಳೆಯಿಂದ ಮೆಣಸಿನಕಾಯಿ ಕಮ್ಮಿ ಹಾಕ್ತೀನಿ" ಅಂದ್ರು. ಅಷ್ಟೇ.

ಗೇಟಿನ ತನಕ ಇವರು ಮುಂದೆ, ನಾನು ಹಿಂದೆ. ಬೈತಾರೆ, ಈಗ ಬೈತಾರೆ ಅಂತ ಕಾಯ್ತಿದ್ದೀನಿ. ಆಟೋ ನಿಲ್ಲಿಸಿ, ಒಂದು ಕಾಲು ಒಳಗಿಟ್ಟು ಕೇಳ್ತಾರೆ, "ಆ ಹಸು ಹಾಲು ಕೊಡುತ್ತಾ?" ನಾನು, "ಇನ್ನೂ ಇಲ್ಲ ರೀ" ಅಂದೆ. "ಕೊಡುತ್ತೆ ಬಿಡು" ಅಂದ್ರು. ಸಂಜೆ ಬಂದು ಸೂಟ್‌ಕೇಸನ್ನ ಅವರೇ ಅಟ್ಟಕ್ಕೆ ಹಾಕಿದ್ರು. ಆ ಕೆಲಸ ಸಿಗಲಿಲ್ಲ, ಅದರ ಮುಂದಿನದ್ದು ಸಿಕ್ತು. ಅಥವಾ ಅದರ ಮುಂದಿನದ್ದು. ಸಿಕ್ಕಿದ್ದಂತೂ ಹೌದು, ಇಲ್ಲದಿದ್ರೆ ನೀವಿಲ್ಲಿ ಬಂದು ಪರಾಠಾ ಬಿಡ್ತಿದ್ರಾ?

ಕೆಲಸ ಸಿಕ್ಕ ಮೇಲೆ ಬೀಜಿ ಹತ್ರ ಹೋದೆ, ಒಂದು ಡಬ್ಬಿ ಪೂರ್ತಿ ಮೈಸೂರ್‌ಪಾಕ್ ತಗೊಂಡು. ಹೇಗೆ ಹೇಳೋದು ಅಂತ ತಿಳೀಲಿಲ್ಲ. "ಬೀಜಿ, ಕಾವೇರಿಗೆ ಬೇರೆ ಕಡೆ ಹುಲ್ಲು ಸಿಕ್ಕಿದೆ, ನಾಳೆಯಿಂದ ಬರಲ್ಲ" ಅಂದೆ. ಅವರು ಮೈಸೂರ್‌ಪಾಕ್ ಮುರೀತಾ, "ತುಂಬಾ ಸಂತೋಷ. ಆದ್ರೆ ನನಗೆ ಅಭ್ಯಾಸ ಆಗಿಬಿಟ್ಟಿದೆ, ಸುಮನ್. ಇನ್ನೊಂದು ಹಸು ಹುಡುಕು" ಅಂದ್ರು. ಹುಡುಕಿದ್ವಿ. ಒಂದಲ್ಲ, ಎಷ್ಟೋ. ಪಾರ್ಕಿನಲ್ಲಿ ಬಟಾಣಿ ಬಿಡಿಸೋ ಹೆಂಗಸರೆಲ್ಲ ಸೇರ್ಕೊಂಡ್ರು, ಮೊದಲನೇ ರೊಟ್ಟಿ ಎಲ್ಲರ ಮನೇಲೂ ಇದ್ದೇ ಇರುತ್ತಲ್ಲ. ಈಗ ಕೆಳಗಡೆ ಪೀಜಿ ಹಾಸ್ಟೆಲ್‌ನಲ್ಲಿ ಇಬ್ರು ಬಿಹಾರದ ಹುಡುಗೀರಿದ್ದಾರೆ, ಒಬ್ಬಳಿಗೆ ಹೋದ ತಿಂಗಳು ಕೆಲಸ ಹೋಯ್ತು. ಅವರಿಗೆ ಏನಂತ ಹೇಳಿದ್ದೀನಿ ಗೊತ್ತಾ? "ನನಗೆ ಬಿಪಿ, ಉಪ್ಪು ನೋಡೋ ಹಾಗಿಲ್ಲ, ದಿನಾ ನೀವೇ ರುಚಿ ನೋಡಿ ಹೇಳಬೇಕು" ಅಂತ. ದೊಡ್ಡ ಡಬ್ಬಿಲಿ ರುಚಿ ನೋಡ್ತಾರೆ ಪಾಪ. "ಆಂಟಿ, ಇವತ್ತು ಉಪ್ಪು ಸರಿಯಾಗಿತ್ತು" ಅಂತ ಸಂಜೆ ಬಂದು ಗಂಭೀರವಾಗಿ ಹೇಳ್ತಾರೆ. ಬಿಪಿ ಇಲ್ಲಮ್ಮ ನನಗೆ, ಇದ್ರೆ ನಿಮ್ಮ ಮಾವನಿಗೆ.

ಅಷ್ಟೇ ಕಣ್ರೋ. ಎಲ್ಲರೂ ಉಂಡು ಮಿಕ್ಕಿದ್ದನ್ನ ಡಬ್ಬಿಗೆ ತುಂಬಿ ಕೊಟ್ರೆ ತಗೊಳ್ಳೋರಿಗೆ ಗೊತ್ತಾಗಿಬಿಡುತ್ತೆ. ಬಡಿಸೋಕೆ ಮುಂಚೆ, ಬಿಸಿ ಇರುವಾಗಲೇ ತೆಗೆದಿಡಿ, ಆಗ ಎಸೆಯೋಕೂ ಏನೂ ಉಳಿಯಲ್ಲ. ಕೊಡೋವಾಗ ಜೊತೇಲಿ ಒಂದು ಚಿಕ್ಕ ಸುಳ್ಳೂ ಇಟ್ಟು ಕೊಡಿ, ನುಂಗೋಕೆ ಸಲೀಸಾಗುತ್ತೆ.